ಹುಣಿಸೆ ಬೀಜದ ರಾಮಕ್ಕ

ಪೀಣ್ಯದ ಎರಡನೇ ಹಂತದ ಹಿಂದೆ, ಲೇತ್ ಮಿಷನ್ನಿನ ಅಂಗಡಿಗೂ ಕಬ್ಬಿಣಕ್ಕೆ ಬಣ್ಣ ಹೊಡೆಯುವ ಶೆಡ್ಡಿಗೂ ನಡುವೆ ಒಂದು ಶೀಟಿನ ಕೋಣೆ. ಅದೇ ಅಂಗನವಾಡಿ. ಆ ಕೋಣೆಯಲ್ಲಿ ರಾಮಕ್ಕ ಇಪ್ಪತ್ತೊಂದು ವರ್ಷ ಅಡುಗೆ ಮಾಡಿದಳು, ಕಸ ಗುಡಿಸಿದಳು, ಮಕ್ಕಳ ಅಂಡು ತೊಳೆದಳು. ಕಾಗದದ ಪ್ರಕಾರ ಅವಳ ಕೆಲಸ ಅಷ್ಟೇ. ಸಹಾಯಕಿ. ಆದರೆ ಆ ಓಣಿಯಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ ಕೇಳಿ, ನಿನಗೆ ಅಕ್ಷರ ತಿದ್ದಿಸಿದ್ದು ಯಾರಯ್ಯ ಅಂತ. ಮೀಸೆ ಬಂದು ಡೆಲಿವರಿ ಗಾಡಿ ಓಡಿಸುವ ಹುಡುಗರೂ ರಾಮಕ್ಕನ ಹೆಸರೇ ಹೇಳುತ್ತಾರೆ. ಬಂದು ಹೋದ ನಾಲ್ಕು ಜನ ಟೀಚರುಗಳ ಹೆಸರು ಒಬ್ಬನ ಬಾಯಿಗೂ ಬರುವುದಿಲ್ಲ.

ಅವಳನ್ನು ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ತಿರುಗಲು ಮನೆಗೊಂದು ಆಳು ಬೇಕಿತ್ತು. ಹದಿನಾರಕ್ಕೆ ಈ ಊರಿಗೆ ಸೊಸೆಯಾಗಿ ಬಂದಾಗ ಫ್ಯಾಕ್ಟರಿಗಳ ನಡುವೆ ಅಲ್ಲಲ್ಲಿ ರಾಗಿ ಹೊಲ ಇನ್ನೂ ಉಳಿದಿತ್ತು. ಮಕ್ಕಳಾಗಲಿಲ್ಲ. ಗಂಡ ಕುಡಿದು ಕುಡಿದು ಸತ್ತ. ಹನ್ನೊಂದನೇ ದಿನದ ತಿಥಿ ಮುಗಿಯುವ ಮೊದಲೇ ಭಾವ ವೆಂಕಟೇಶಪ್ಪ ಒಂದು ಕಾಗದ ತಂದು ಮುಂದಿಟ್ಟ.

"ಇಲ್ಲೊಂದು ಎಬ್ಬೆಟ್ಟು ಒತ್ತು ರಾಮಕ್ಕ. ಸರ್ಕಾರದ್ದು."

ಒತ್ತಿದಳು. ಗಂಡನ ಪಾಲು ಆ ಹೆಬ್ಬೆಟ್ಟಿನಲ್ಲೇ ಹೋಯಿತು. ಆ ಜಾಗದಲ್ಲಿ ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳಿವೆ. ಅವಳಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಒಂದು ಕೋಣೆ. ಅಂಗನವಾಡಿಗೂ ಅವನೇ ಜಾಗ ಕೊಟ್ಟು, ಅವಳಿಗೆ ಅಲ್ಲಿ ಕೆಲಸ ಕೊಡಿಸಿ, ನೋಡ್ರಪ್ಪಾ ವಿಧವೆಗೊಂದು ದಾರಿ ಮಾಡಿದೆ ಅಂತ ಊರೆಲ್ಲ ಹೇಳಿಕೊಂಡ. ಕತ್ತು ಕೊಯ್ದವನೇ ಬಟ್ಟೆ ಕಟ್ಟಿ ಪುಣ್ಯ ಸಂಪಾದಿಸಿದ ಹಾಗೆ.

ಓದು ಬರದೆ ಹಾಳಾದೆ ಅನ್ನುವುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅಂಗನವಾಡಿಗೆ ಸೇರಿದ ಮೊದಲ ವರ್ಷ ಸೌಟು ಹಿಡಿದು ಮಕ್ಕಳ ಹಿಂದೆ ನಿಂತು, ಆಗಿನ ಟೀಚರು ಗೋಡೆಯ ಪಟ ತೋರಿಸಿ ಹೇಳಿದ್ದನ್ನೆಲ್ಲ ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಕಣ್ಣಿಗೆ ಅಕ್ಷರ ಹತ್ತಿತು, ಕೈಗೆ ಪೆನ್ಸಿಲು ಹತ್ತಲಿಲ್ಲ. ಪಾತ್ರೆ ಉಜ್ಜಿ ಉಜ್ಜಿ ಬೆರಳು ಮರಗಟ್ಟಿದ್ದವು. ಒಂದು ದಿನ ಹುಣಿಸೆಹಣ್ಣು ಬಿಡಿಸುತ್ತ ಕೂತವಳು, ಬೀಜಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದಿಟ್ಟು 'ಗ' ಮಾಡಿದಳು. ಅಳಿಸಿ 'ರ' ಮಾಡಿದಳು. ಹೀಗೆ ಒಂದೊಂದಾಗಿ ಎಲ್ಲವನ್ನೂ ಜೋಡಿಸಿ ಕಲಿತಳು. ಮೂವತ್ತು ದಾಟಿದ ಹೆಂಗಸು ಒಬ್ಬಳೇ ನೆಲದ ಮೇಲೆ ಮಂಡಿಯೂರಿ ಕೂತು ಬಸ್ಸಿನ ಬೋರ್ಡು ಓದುವ ತನಕ ಬಂದಳು.

ತಾನು ಕಲಿತ ಹಾಗೆಯೇ ಮಕ್ಕಳಿಗೂ ಕಲಿಸಿದಳು. ಬಿಸ್ಕತ್ತಿನ ಹಳೆಯ ಡಬ್ಬದ ತುಂಬ ತೊಳೆದು ಒಣಗಿಸಿದ ಬೀಜ. ಸೀಮೆಸುಣ್ಣದಲ್ಲಿ ನೆಲದ ಮೇಲೆ ದೊಡ್ಡದಾಗಿ ಅಕ್ಷರ ಬರೆಯುವಳು. ಮಕ್ಕಳು ಗೆರೆಯ ಮೇಲೆ ಬೀಜ ಇಡಬೇಕು, ಇಟ್ಟದ್ದನ್ನು ಬೆರಳಲ್ಲಿ ಸವರಬೇಕು, ಆಮೇಲೆ ಬೀಜ ತೆಗೆದು ಬರೀ ಬೆರಳಲ್ಲಿ ತಿದ್ದಬೇಕು. ಯಾದಗಿರಿಯ ಕೂಲಿಯವರ ಮಕ್ಕಳು, ಬಿಹಾರದವರ ಮಕ್ಕಳು, ಧರ್ಮಪುರಿಯ ತಮಿಳರ ಮಕ್ಕಳು, ಯಾರಿಗೂ ಇನ್ನೊಬ್ಬರ ಮಾತು ತಿಳಿಯದ ಆ ಸಂತೆಯಲ್ಲಿ ಬೀಜದ ಭಾಷೆ ಎಲ್ಲರಿಗೂ ತಿಳಿಯುತ್ತಿತ್ತು.

ಹಾಗಂತ ಆ ಕೋಣೆಯಲ್ಲಿ ಬೇರೆ ಸಾಮಾನು ಇರಲಿಲ್ಲ ಎಂದಲ್ಲ. ಮೂರು ವರ್ಷದ ಹಿಂದೆಯೇ ಅಂಗೈ ಅಗಲದ ಬಣ್ಣಬಣ್ಣದ ಪ್ಲಾಸ್ಟಿಕ್ ಅಕ್ಷರಗಳ ಪೆಟ್ಟಿಗೆ ಬಂದಿತ್ತು. ಅದು ಬೀರುವಿನಲ್ಲಿ, ಬೀಗ ಹಾಕಿ. ಟೀಚರ್ ಶ್ಯಾಮಲಾ ಕೆಟ್ಟ ಹೆಂಗಸಲ್ಲ, ಹೆದರುಪುಕ್ಕಲಿ. "ಒಂದು ಅಕ್ಷರ ಕಳೆದೋದ್ರೂ ನಾನು ಉತ್ತರ ಕೊಡಬೇಕು ರಾಮಕ್ಕ" ಅನ್ನುವಳು. ಮೇಲಿನವರು ನೋಡಲು ಬರುವ ದಿನ ಚಾಪೆಯ ಮೇಲೆ ಹರಡಿ, ಫೋಟೋ ತೆಗೆದು, ಮತ್ತೆ ಒಳಗಿಟ್ಟು ಬೀಗ. ಮಕ್ಕಳ ಆಟದ ಸಾಮಾನನ್ನು ಮಕ್ಕಳಿಂದಲೇ ಕಾಪಾಡುವ ಬುದ್ಧಿ ಇವರಿಗೆ ಯಾವ ದೇವರು ಕೊಟ್ಟನೋ!

ಒಂದು ವರ್ಷ ಸೂಪರ್‌ವೈಸರ್ ಮೇಡಂ ಬೀಜದ ಡಬ್ಬ ನೋಡಿ ಗದರಿದ್ದಳು. "ಇದನ್ನ ಬಾಯಿಗೆ ಹಾಕ್ಕೊಂಡ್ರೆ ಯಾರ್ರೀ ಜವಾಬ್ದಾರಿ?"

"ಇಪ್ಪತ್ ವರ್ಸದಿಂದ ಯಾರೂ ಆಕ್ಕೊಂಡಿಲ್ಲ ಮೇಡಂ" ಎಂದಿದ್ದಳು ರಾಮಕ್ಕ. ಎರಡು ದಿನ ಡಬ್ಬ ಒಳಗಿತ್ತು. ಮೂರನೇ ದಿನ ಮತ್ತೆ ಹೊರಗೆ. ಅಷ್ಟು ಧೈರ್ಯ. ಅಲ್ಲ, ಜಂಬ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಆ ವರ್ಷ ಬಿಂದುಶ್ರೀ ಬಂದಳು. ನಾಲ್ಕು ವರ್ಷದ ಕೂಸು. ಅಪ್ಪ ಲೋಕೇಶ್ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ, ಅಮ್ಮ ಚನ್ನಬಸಮ್ಮ ಗಾರ್ಮೆಂಟ್ಸಿನಲ್ಲಿ. ಯಾದಗಿರಿ ಕಡೆಯವರು. ಅಂಗನವಾಡಿ ಮುಗಿದ ಮೇಲೂ ಅಮ್ಮ ಬರುವ ತನಕ ಮಗುವನ್ನು ರಾಮಕ್ಕನೇ ತನ್ನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನೋಡಿಕೊಳ್ಳುತ್ತಿದ್ದಳು. ದುಡ್ಡಿಗಲ್ಲ. ಆ ಮಗು ಅವಳ ಸೆರಗು ಬಿಡುತ್ತಿರಲಿಲ್ಲ, ಅದಕ್ಕೆ.

ಮಗು ಮಾತಾಡುತ್ತಿರಲಿಲ್ಲ. ಎರಡು ತಿಂಗಳು ಹೂಂ ಇಲ್ಲ, ಉಹೂಂ ಇಲ್ಲ. "ಮೂಗಿನೇ ಇರ್ಬೇಕು" ಎಂದಳು ಶ್ಯಾಮಲಾ. "ನಿಮ್ ಬಾಯಿ ನೋಡಿ ಎದ್ರಿರ್ತದೆ ಸುಮ್ಕಿರಿ ಟೀಚರಮ್ಮ" ಎಂದು ರಾಮಕ್ಕ ನಕ್ಕಳು. ಮಗುವಿನ ಮುಂದೆ ಬೀಜ ಸುರಿದು ಕೂತಳು.

"ಬಾ ಕಂದಾ, ಇಲ್ಲಿಂದ ಸುರು ಮಾಡು. ಮಡಕೆ ಬೋರ್ಲಾಕವ್ರೆ ನೋಡು, ಇದೇ ಗ. ಇರುವೆ ಸಾಲಾಗೆ ಓಯ್ತವಲ್ಲ, ಅಂಗೆ ಇಡು. ಆಂ, ಜಾಣೆ!"

ಸಂಕ್ರಾಂತಿ ಕಳೆದ ವಾರ, ಒಂದು ಮಂಗಳವಾರ. ಶ್ಯಾಮಲಾ ಬೆಳಿಗ್ಗೆ ಬಂದು ಹಾಜರಿ ಹಾಕಿ, ಫೋನಿನಲ್ಲಿ ಮಕ್ಕಳ ಫೋಟೋ ಕಳಿಸಿ, ಹತ್ತು ಗಂಟೆಗೇ ಹೊರಟುಬಿಟ್ಟಳು. ಅವಳ ಮಗ ಹರ್ಷವರ್ಧನನಿಗೆ ಒಂದು ಇಂಗ್ಲಿಷ್ ಸ್ಕೂಲಿನಲ್ಲಿ ಎಲ್‌ಕೆಜಿ ಇಂಟರ್‌ವ್ಯೂ. ರಜೆ ಹಾಕಿರಲಿಲ್ಲ. "ಎ ಟು ಝಡ್ ನೋಡದೆ ಬರೀಬೇಕಂತೆ ಅಕ್ಕ, ಮೂರೂವರೆ ವರ್ಷದ ಮಗು! ಯಾರಾದ್ರೂ ಕೇಳಿದ್ರೆ ಮನೆ ಭೇಟಿಗೆ ಹೋಗಿದ್ದಾರೆ ಅನ್ನಿ" ಎಂದು ಹೇಳಿ ಹೋದಳು. ಬೇರೆಯವರ ಮಕ್ಕಳನ್ನು ಬಿಟ್ಟು ತನ್ನ ಮಗುವಿನ ಅಕ್ಷರಕ್ಕೆ ಓಡಿದಳು. ಬಯ್ಯಬೇಕೆನಿಸುತ್ತದೆ. ಅವಳ ಜಾಗದಲ್ಲಿ ನೀವಿದ್ದರೂ ಓಡುತ್ತಿದ್ದಿರಿ.

ಒಲೆಯ ಮೇಲೆ ಬೇಳೆ. ನೆಲದ ಮೇಲೆ ಇಪ್ಪತ್ತಾರು ಮಕ್ಕಳು. ರಾಮಕ್ಕ ಸೌಟು ಆಡಿಸುತ್ತ ಒಂದು ಕಣ್ಣು ಇತ್ತ ಇಟ್ಟಿದ್ದಳು. ಬಿಂದುಶ್ರೀ ಯಾರ ಸಹಾಯವೂ ಇಲ್ಲದೆ, ಕೆಳಗೆ ಗೆರೆಯೂ ಇಲ್ಲದೆ, ಬೀಜ ಇಟ್ಟು ಇಡೀ 'ಗ' ಮಾಡಿದಳು. ಎದ್ದು ನಿಂತು, ಕೈ ಮೇಲೆತ್ತಿ ಕೂಗಿದಳು.

"ಆಯ್ತು!"

ಆ ಕೋಣೆಯಲ್ಲಿ ಮಗು ಆಡಿದ ಮೊದಲ ಮಾತು. ರಾಮಕ್ಕ ಸೌಟು ಬಿಸಾಕಿ ಓಡಿ ಬಂದಳು. "ಅಯ್ಯೋ ನನ್ ಬಂಗಾರಾ! ಮಾತಾಡ್ತಲ್ಲೇ!" ಎಂದು ಮಗುವನ್ನು ಎತ್ತಿ ಮೇಲಕ್ಕೆ ಹಾರಿಸಿ ಹಿಡಿದಳು, ಹೊಟ್ಟೆಗೆ ಕಚಗುಳಿ ಇಟ್ಟಳು. ಮಗು ಬಾಯ್ತುಂಬ ನಕ್ಕಿತು. ಮಿಕ್ಕ ಒಂದು ಬೀಜ ದವಡೆಯಲ್ಲಿತ್ತು. ಅದು ರಾಮಕ್ಕನಿಗೆ ಗೊತ್ತಿರಲಿಲ್ಲ.

ನಗು ನಿಂತು ಕೆಮ್ಮು ಶುರುವಾಯಿತು. ಕಣ್ಣು ಮೇಲಾಯಿತು, ತುಟಿ ನೀಲಿಯಾಯಿತು. ರಾಮಕ್ಕ ಮಗುವನ್ನು ತಲೆಕೆಳಗು ಮಾಡಿ ಬೆನ್ನಿಗೆ ಗುದ್ದಿದಳು, ಬಾಯಿಗೆ ಬೆರಳು ಹಾಕಿ ತಡಕಿದಳು. ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಕೆಮ್ಮು ತಗ್ಗಿತು, ಮುಖಕ್ಕೆ ಬಣ್ಣ ಬಂತು. ನುಂಗಿಬಿಟ್ಟಿದೆ ಅಂದುಕೊಂಡಳು. ಹಳಬರು ಮಾಡುವುದನ್ನೇ ಮಾಡಿದಳು: ಒಂದು ಬಾಳೆಹಣ್ಣು ಸುಲಿದು ತಿನ್ನಿಸಿದಳು. ಗಂಟಲಿಗೆ ಮೀನಿನ ಮುಳ್ಳು ಸಿಕ್ಕರೂ, ಮಗು ನಾಣ್ಯ ನುಂಗಿದರೂ ನಮ್ಮ ಕಡೆ ಬಾಳೆಹಣ್ಣೇ ವೈದ್ಯ. ಮಗು ಸಲೀಸಾಗಿ ನುಂಗಿತು. ರಾಮಕ್ಕ ಗೋಡೆಗೊರಗಿ ಕೂತು ಬೆವರು ಒರೆಸಿಕೊಂಡಳು. ಆಮೇಲೆ ಶ್ಯಾಮಲಾಗೆ ಫೋನ್ ಮಾಡಿದಳು.

"ಉಸಿರಾಡ್ತಿದಾಳೆ ತಾನೆ? ಹಣ್ಣು ನುಂಗಿದ್ಲು ತಾನೆ? ಹಾಗಾದ್ರೆ ಹೊಟ್ಟೆಗೆ ಹೋಗಿರುತ್ತೆ ಬಿಡಿ ಅಕ್ಕ, ನಾಳೆ ಕಕ್ಕಸಲ್ಲಿ ಬರುತ್ತೆ."

"ಅವರಮ್ಮನ್ಗೆ ಒಂದ್ ಮಾತು ಏಳ್ಬುಡ್ಲಾ?"

"ಬೇಡ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಅಲ್ಲಿರ್ಲಿಲ್ಲ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಬೀಜ ಇಡಬೇಡಿ ಅಂದ್ರೂ ಇಟ್ಟಿದ್ರಿ ಅಂತ ನಿಮ್ದೂ ಹೋಗುತ್ತೆ. ಒಂದು ದಿನ ನೋಡೋಣ."

ಸಂಜೆ ಚನ್ನಬಸಮ್ಮ ಬಂದಳು. "ಊಟ ಮಾಡ್ಯಾಳೇನ್ರಿ ಅಕ್ಕ?"

"ಬಾಳೆಹಣ್ಣು ತಿಂದ್ಲು ಕಣವ್ವ" ಎಂದಳು ರಾಮಕ್ಕ. ಸುಳ್ಳಲ್ಲ. ಆದರೆ ಸುಳ್ಳಿಗಿಂತ ಕೆಟ್ಟದ್ದು. "ನಿಂದು ಊಟ ಆಯ್ತಾ? ಮಖ ಬಾಡೋಗದೆ" ಎಂದು ಸೇರಿಸಿದಳು.

ಬುಧವಾರ ಮಗು ಕೆಮ್ಮುತ್ತ ಬಂತು. ರಾಮಕ್ಕ ಮಗುವನ್ನು ತಾನೇ ಕಕ್ಕಸಿಗೆ ಕೂರಿಸಿ, ಕಡ್ಡಿಯಿಂದ ಕೆದಕಿ ನೋಡಿದಳು. ಬೀಜ ಇರಲಿಲ್ಲ. ನಾಳೆ ಬರಬಹುದು. ಗುರುವಾರವೂ ನೋಡಿದಳು. ಇರಲಿಲ್ಲ. ಆ ದಿನ ಸಂಜೆ ಚನ್ನಬಸಮ್ಮ, "ನಿನ್ನಿ ರಾತ್ರಿ ಕ್ಲಿನಿಕ್ಕಿಗೆ ಹೋಗಿ ಬಂದ್ವಿರಿ ಅಕ್ಕ. ಈ ಏರಿಯಾದಾಗ ಧೂಳು ಭಾಳ, ಎಲ್ಲಾ ಹುಡುಗ್ರಿಗೂ ಹಿಂಗs ಅಂದ್ರು ಡಾಕ್ಟ್ರು. ಔಷಧ ಕೊಟ್ಟಾರ" ಎಂದಳು. ಪೀಣ್ಯದಲ್ಲಿ ಕೆಮ್ಮದ ಮಗು ಯಾವುದು? ಆ ಡಾಕ್ಟರನ್ನು ಬಯ್ದು ಏನು ಬಂತು! ಬಾಯಿ ಬಿಡಬೇಕಾದವಳು ಎದುರಿಗೇ ನಿಂತು ಮಗುವಿನ ಜಡೆ ಸರಿಮಾಡುತ್ತಿದ್ದಳು.

"ನೋಡಿದ್ರಾ, ಡಾಕ್ಟ್ರೇ ಧೂಳು ಅಂದ್ರಂತೆ" ಎಂದು ಶ್ಯಾಮಲಾ ನಿಟ್ಟುಸಿರುಬಿಟ್ಟಳು. ರಾಮಕ್ಕ ನಿಟ್ಟುಸಿರುಬಿಡಲಿಲ್ಲ. ಮಗು ಅವಳ ತೊಡೆಯ ಮೇಲೆ ಮಲಗಿದಾಗ ಎದೆಯ ಬಲಗಡೆಯಿಂದ ಸಣ್ಣ ಸೀಟಿಯ ಹಾಗೆ ಸದ್ದು ಬರುತ್ತಿತ್ತು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ತಿರುಗಿದಳು. ಹೇಳಿಬಿಡಬೇಕು ಅಂತ ಬಾಯಿ ತೆರೆದಾಗಲೆಲ್ಲ ಮೆಟ್ಟಿಲ ಕೆಳಗಿನ ಕೋಣೆ ಕಣ್ಣಮುಂದೆ ಬರುತ್ತಿತ್ತು. ಕೆಲಸ ಹೋದರೆ ವೆಂಕಟೇಶಪ್ಪ ಅಲ್ಲಿಂದಲೂ ಎಬ್ಬಿಸುತ್ತಾನೆ. ಆಮೇಲೆ ಎಲ್ಲಿಗೆ?

ಶುಕ್ರವಾರ ಮಗು ಬರಲಿಲ್ಲ. ಮೈ ಕೆಂಡವಾಗಿದೆಯಂತೆ.

ಶನಿವಾರ ಬೆಳಿಗ್ಗೆ ಸಾರಿಗೆಂದು ರಾಮಕ್ಕ ಬಟ್ಟಲು ತೆಗೆದಳು. ವಾರದ ಶುರುವಿನಲ್ಲಿ ಹುಣಿಸೆಹಣ್ಣು ನೆನೆಹಾಕಿ, ಈ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಹುಳಿತು ನೊರೆ ಬಂದಿತ್ತು. ಕಿವುಚಿದಾಗ ಬೆರಳಿಗೆ ಒಂದು ಬೀಜ ಸಿಕ್ಕಿತು. ನೀರು ಕುಡಿದು ಊದಿ, ಸಿಪ್ಪೆ ಬಿರಿದು, ಒಳಗಿನ ಬಿಳಿ ತಿರುಳು ಕಾಣುತ್ತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಹೊಟ್ಟೆಗೆ ಹೋಗಿದ್ದರೆ ಇಷ್ಟರಲ್ಲಿ ಬರಬೇಕಿತ್ತು. ಹೊಟ್ಟೆಗೆ ಹೋಗಿಲ್ಲ. ಆ ಸೀಟಿ ಸದ್ದಿನ ಜಾಗದಲ್ಲಿದೆ. ಅಲ್ಲಿ ಊದುತ್ತಿದೆ.

ಬಟ್ಟಲು ಅಲ್ಲೇ ಬಿಟ್ಟು, ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿದಳು.

ಲೋಕೇಶನ ಮನೆ ಅಂದರೆ ಸಾಲುಮನೆಯ ಐದನೇ ಕೋಣೆ. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗದೆ ಮಗುವಿನ ಪಕ್ಕ ಕೂತಿದ್ದರು. ಮಗುವಿನ ಪಕ್ಕೆಲುಬು ಉಸಿರಿಗೊಮ್ಮೆ ಒಳಕ್ಕೆ ಸೆಳೆಯುತ್ತಿತ್ತು.

"ಬರ್ರಿ ಅಕ್ಕ" ಎಂದಳು ಚನ್ನಬಸಮ್ಮ.

ರಾಮಕ್ಕ ಹೊಸ್ತಿಲಲ್ಲೇ ನಿಂತು ಹೇಳಿದಳು. "ಧೂಳಲ್ಲ ಕಣವ್ವ. ಹುಣಿಸೆ ಬೀಜ. ಮಂಗ್ಳವಾರ ಆಡ್ತಾ ಆಡ್ತಾ ಒಳೀಕ್ ಓಗದೆ. ನಾನೇ ಕೊಟ್ಟಿದ್ದು. ನಾನೇ ನಗ್ಸಿದ್ದು. ಏಳ್ಲಿಲ್ಲ ನಾನು. ಎದ್ದೇಳಿ, ಈಗ್ಲೇ ದೊಡ್ಡಾಸ್ಪತ್ರೆಗೆ ಓಗವ."

ಲೋಕೇಶ್ ಎದ್ದವನೇ ಅವಳ ಭುಜ ಹಿಡಿದು ಗೋಡೆಗೆ ದೂಡಿದ. "ಮಂಗಳವಾರ? ಇವತ್ತು ಏನ್ ವಾರ ಗೊತ್ತೈತೇನು ನಿನಗ? ಹೆಣ್ಮಗಳಂತ ಉಳದಿ ಇವತ್ತ!" ಅಷ್ಟರಲ್ಲಿ ಚನ್ನಬಸಮ್ಮ ಮಗುವನ್ನು ಚಾದರಿನಲ್ಲಿ ಸುತ್ತಿ ಹೊರಗೆ ನಡೆದುಬಿಟ್ಟಿದ್ದಳು.

ಆಟೋದಲ್ಲಿ ರಾಮಕ್ಕನೂ ಹತ್ತಿದಳು. ಬೇಡ ಅನ್ನಲಿಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ. ಗೊರಗುಂಟೆಪಾಳ್ಯದಲ್ಲಿ ಲಾರಿಗಳ ಹಿಂದೆ ಅರ್ಧ ಗಂಟೆ ನಿಂತರು. ಆಟೋದವನು ಹಾರ್ನ್ ಒತ್ತಿ ಒತ್ತಿ ಮುಂದಿನವರ ಅಮ್ಮ ಅಕ್ಕನನ್ನೆಲ್ಲ ಬಯ್ದ. ಒಬ್ಬನೂ ಸರಿಯಲಿಲ್ಲ.

ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಯುವ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು, "ಬಲಗಡೆ ಶ್ವಾಸಕೋಶಕ್ಕೆ ಗಾಳಿ ಹೋಗ್ತಿಲ್ಲ, ಕೀವು ತುಂಬಿದೆ. ನ್ಯುಮೋನಿಯಾ ಥರಾನೇ ಕಾಣುತ್ತೆ. ಬೀಜ ಎಕ್ಸ್‌ರೇಲಿ ಕಾಣಲ್ಲ. ನುಂಗಿದ್ದು ನೋಡಿದೋರು ಯಾರು?" ಎಂದಳು.

"ನಾನು" ಎಂದಳು ರಾಮಕ್ಕ.

"ಯಾವತ್ತು?"

"ಮಂಗ್ಳವಾರ."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದಳು. "ಅವತ್ತೇ ಬಂದಿದ್ರೆ ಕೊಳವೆ ಹಾಕಿ ತೆಗೆದು, ಒಂದೆರಡು ದಿನದಲ್ಲಿ ಮನೆಗೆ ಕಳಿಸ್ತಿದ್ವಲ್ಲಮ್ಮ" ಎಂದಳು. ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು.

ಕೊಳವೆ ಹಾಕಿ ತೆಗೆದಾಗ ಬೀಜ ಮೆತ್ತಗಾಗಿ ಎರಡು ಹೋಳಾಗಿ ಬಂತು. ಮಗು ಹನ್ನೆರಡು ದಿನ ಮಿಷನ್ನಿನ ಉಸಿರಲ್ಲಿತ್ತು. ಆಮೇಲೆ ಕೊಳೆತ ಭಾಗವನ್ನು ಹಾಗೇ ಬಿಟ್ಟರೆ ಉಳಿದದ್ದಕ್ಕೂ ಹಬ್ಬುತ್ತದೆ ಎಂದು ಬಲ ಶ್ವಾಸಕೋಶದ ಕೆಳಗಿನ ತುಂಡನ್ನು ಕೊಯ್ದು ತೆಗೆದರು. ಬದುಕಿತು. ಆದರೆ ಓಡಿದರೆ ಏದುಸಿರು, ಮಳೆಗಾಲ ಬಂದರೆ ಆಸ್ಪತ್ರೆ. ಆ ಬೆನ್ನಿನ ಮೇಲೆ ಗೇಣುದ್ದದ ಹೊಲಿಗೆ. ನಾಲ್ಕು ವರ್ಷದ ಮಗುವಿನ ಬೆನ್ನು ಎಷ್ಟಗಲ ಇರುತ್ತದೆ, ನೀವೇ ಅಂದಾಜು ಮಾಡಿ.

ಆಸ್ಪತ್ರೆಯಲ್ಲಿ ಮಗು ಇರುವಾಗಲೇ ವಿಚಾರಣೆ ಆಯಿತು. ಸೂಪರ್‌ವೈಸರ್ ಮೇಡಂ ಮೊದಲೇ ಟೈಪ್ ಮಾಡಿಸಿದ ಕಾಗದ ತಂದಿದ್ದಳು. ಶ್ಯಾಮಲಾ ಮೂಲೆಯಲ್ಲಿ ಕಣ್ಣು ಊದಿಸಿಕೊಂಡು ಕೂತಿದ್ದಳು. "ಇಲ್ಲಿ ಸೈನ್ ಮಾಡಿ ರಾಮಕ್ಕ" ಎಂದಳು ಮೇಡಂ.

"ಓದ್ಬುಟ್ಟು ಮಾಡ್ತೀನಿ."

"ನಿಮಗೆ ಓದಕ್ಕೆ ಬರುತ್ತಾ?"

ರಾಮಕ್ಕ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಕಾಲು ಗಂಟೆ ಓದಿದಳು. ಘಟನೆಯ ಸಮಯದಲ್ಲಿ ಕಾರ್ಯಕರ್ತೆಯು ಕೇಂದ್ರದಲ್ಲಿ ಹಾಜರಿದ್ದು, ಬೀಜ ನೀಡದಂತೆ ಎಚ್ಚರಿಸಿದ್ದರೂ ಸಹಾಯಕಿಯು ಕೇಳದೆ, ಅಂತ ಇತ್ತು.

"ಟೀಚರಮ್ಮ ಇರ್ಲಿಲ್ಲ. ಇಲ್ಲಿ ಇದ್ರು ಅಂತ ಬರ್ದವ್ರೆ. ಬೀಜ ಕೊಟ್ಟಿದ್ದು ನಾನು, ಏಳ್ದೆ ಇದ್ದಿದ್ದು ನಾನು. ಅದು ಬರೀರಿ, ಈಗ್ಲೇ ಸೈನಾಕ್ತೀನಿ. ಇಲ್ದಿರೋದ್ಕೆ ಒಂದ್ಸಲ ಒತ್ತೀವ್ನಿ, ಇನ್ನ ಒತ್ತಲ್ಲ."

"ಅಕ್ಕ, ಮಗನ ಅಡ್ಮಿಷನ್ ಈಗಷ್ಟೇ ಆಗಿದೆ..." ಎಂದು ಶ್ಯಾಮಲಾ ಅತ್ತಳು.

"ಅಳ್ಬೇಡಿ. ಅಳೋಕೆ ನಮ್ಮಿಬ್ರಿಗೂ ಬಾಯಿಲ್ಲ."

ರಾಮಕ್ಕನ ಕೆಲಸ ಹೋಯಿತು. ಶ್ಯಾಮಲಾಳನ್ನು ದೂರದ ಊರಿಗೆ ಎತ್ತಿಹಾಕಿದರು. ಕೇಂದ್ರವನ್ನು ಪಕ್ಕದ ಬಡಾವಣೆಯದಕ್ಕೆ ಸೇರಿಸಿದರು. ಹೆದ್ದಾರಿ ದಾಟಿ ಹೋಗಬೇಕು ಅಂತ ಅರ್ಧ ಮಕ್ಕಳು ಹೋಗುವುದನ್ನೇ ಬಿಟ್ಟರು. ವೆಂಕಟೇಶಪ್ಪ ಆ ಕೋಣೆಯನ್ನು ಬಣ್ಣದ ಶೆಡ್ಡಿನವರಿಗೆ ಗೋಡೌನಿಗೆ ಕೊಟ್ಟ. "ಮನೆತನದ ಮಾನ ತೆಗ್ದೆ" ಎಂದು ರಾಮಕ್ಕನ ಪಾತ್ರೆಪಗಡೆಗಳನ್ನು ಬೀದಿಗಿಟ್ಟ. ಮಾನವಂತೆ! ಅವಳೀಗ ದಾಸರಹಳ್ಳಿಯ ಹತ್ತಿರ ಒಂದು ಕಾರ್ಖಾನೆಯಲ್ಲಿ ಕಸ ಹೊಡೆಯುತ್ತಾಳೆ.

ಮಗು ಮನೆಗೆ ಬಂತೆಂದು ಕೇಳಿ, ಒಂದು ಭಾನುವಾರ ಮಧ್ಯಾಹ್ನ ಎರಡು ಮೂಸಂಬಿ ಕಟ್ಟಿಸಿಕೊಂಡು ಸಾಲುಮನೆಗೆ ಹೋದಳು. ಚನ್ನಬಸಮ್ಮ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬಿಂದುಶ್ರೀ ಗೋಡೆಗೊರಗಿ ಕೂತಿದ್ದಳು. ರಾಮಕ್ಕನನ್ನು ಕಂಡು ಎದ್ದಳು. ಬಾಯಿ ತೆರೆದಳು, ಕೆಮ್ಮು ಬಂತು.

"ಒಂದ್ ಗಳಿಗೆ ಮಖ ನೋಡ್ಕಂಡು ಓಯ್ತೀನಿ ಕಣವ್ವ."

ಚನ್ನಬಸಮ್ಮನ ದನಿ ಏರಲಿಲ್ಲ. "ಬೀಜ ಕೊಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲರಿ. ಆಡೋ ಹುಡುಗ್ರು, ನಮ್ಮನ್ಯಾಗ ಇದ್ರೂ ನುಂಗ್ತಿದ್ಲು. ಕಡೀಕ ನೀವೇ ಬಂದು ಹೇಳಿದ್ರಿ, ಅದಕ್ಕs ಆಕಿ ಜೀವ ಉಳೀತು, ಅದೂ ಗೊತ್ತೈತಿ ನನಗ. ಆದ್ರ ಮೂರು ಸಂಜಿ ನನ್ನ ಮಾರಿ ನೋಡಿ ಊಟ ಆಯ್ತೇನು ಅಂತ ಕೇಳಿದ್ರಲ್ಲ ಅಕ್ಕ... ನಾನು ಆಯ್ತ್ರಿ, ನಿಮ್ದು ಅಂತಿದ್ದೆ. ಅದು ನನ್ನ ಹೊಟ್ಟ್ಯಾಗಿಂದ ಹೋಗವಲ್ದು. ಹೋಗ್ರಿ ನೀವು."

ರಾಮಕ್ಕ ಹಣ್ಣನ್ನು ಹೊಸ್ತಿಲ ಮೇಲಿಟ್ಟಳು. ಚನ್ನಬಸಮ್ಮ ಅದನ್ನು ಎತ್ತಿ ತಿರುಗಿ ಅವಳ ಕೈಗೇ ಕೊಟ್ಟು, ಬಾಗಿಲು ಎಳೆದುಕೊಂಡಳು.